ಜೀವರಾಶಿಯ ಲೆಕ್ಕಕ್ಕೆ ಕೈಹಾಕಿದ ವೈದ್ಯ: ಥಾಮಸ್ ಜರ್ಡನ್

ಎಂಬತ್ತನಾಲ್ಕು ಲಕ್ಷ ಜೀವರಾಶಿ ಎಂಬ ಮಾತನ್ನು ಹಿರಿಯರ ಬಾಯಿಂದ ಕೇಳದವರು ನಮ್ಮಲ್ಲಿ ವಿರಳ. ಹರಿಕಥೆಯಲ್ಲಿ, ಭಜನೆಯಲ್ಲಿ, ಅಜ್ಜಿ ಹೇಳುವ ಕಥೆಯಲ್ಲಿ ಈ ಸಂಖ್ಯೆ ಬಂದೇ ಬರುತ್ತದೆ. ಇದು ಯಾರೋ ಒಬ್ಬರು ಕಾಡುಮೇಡು ಅಲೆದು, ಒಂದೊಂದನ್ನೇ ಎಣಿಸಿ, ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕವಲ್ಲ. ಸೃಷ್ಟಿ ಎಷ್ಟು ವಿಶಾಲವಾದುದು, ಅದರಲ್ಲಿ ಮನುಷ್ಯನ ಪಾಲು ಎಷ್ಟು ಅಲ್ಪವಾದುದು ಎಂದು ತಿಳಿಸಲು ನಮ್ಮ ಪೂರ್ವಿಕರು ಕಂಡುಕೊಂಡ ಮಾತು ಅದು. ಆದರೆ ಎಣಿಸಿಯೇ ನೋಡೋಣ ಎಂದು ಹೊರಟರೆ ಏನಾಗುತ್ತದೆ? ಭೂಮಿಯ ಮೇಲೆ ನಿಜವಾಗಿ ಎಷ್ಟು ಬಗೆಯ ಜೀವಿಗಳಿವೆ? ಈ ಪ್ರಶ್ನೆಗೆ ಇಂದಿನವರೆಗೂ ಪೂರ್ಣವಾದ ಉತ್ತರ ದೊರೆತಿಲ್ಲ.

ನಮ್ಮ ದಕ್ಷಿಣ ದೇಶದ ಮಟ್ಟಿಗೆ ಈ ಲೆಕ್ಕಕ್ಕೆ ಗಂಭೀರವಾಗಿ ಕೈಹಾಕಿದವರಲ್ಲಿ ಒಬ್ಬನು ಥಾಮಸ್ ಕ್ಯಾವರ್‌ಹಿಲ್ ಜರ್ಡನ್. ವೃತ್ತಿಯಿಂದ ಆತನು ವೈದ್ಯ. ಆದರೆ ಲೋಕವು ಆತನನ್ನು ನೆನೆಯುವುದು ಹಕ್ಕಿ, ಮೀನು, ಕಪ್ಪೆ, ಇರುವೆಗಳ ಮೂಲಕ. ಆದವಾನಿ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿ, ಕರ್ನೂಲು, ಕಡಪ, ನೆಲ್ಲೂರುಗಳೆಲ್ಲ ಮದರಾಸು ಪ್ರಾಂತ್ಯದ ಜಿಲ್ಲೆಗಳು. ಆ ಪ್ರಾಂತ್ಯವೇ ಜರ್ಡನ್ನನ ಮೊದಲ ಪಾಠಶಾಲೆ. ಆದ್ದರಿಂದ ಆತನ ಚರಿತ್ರೆಯನ್ನು ನಮ್ಮ ಭಾಗದ ವಿದ್ಯಾರ್ಥಿಗಳು ಅರಿಯುವುದು ಉಚಿತ.

ಜರ್ಡನ್ ಹುಟ್ಟಿದ್ದು 1811ರ ಅಕ್ಟೋಬರ್ 12ರಂದು, ಇಂಗ್ಲೆಂಡಿನ ಡರ್ಹಾಂ ಪ್ರಾಂತದಲ್ಲಿ. ಮನೆತನ ಸ್ಕಾಟ್‌ಲೆಂಡಿನದು. ತಂದೆ ಆರ್ಚಿಬಾಲ್ಡ್ ಜರ್ಡನ್‌ಗೆ ಗಿಡಮರ, ಪ್ರಾಣಿಪಕ್ಷಿಗಳಲ್ಲಿ ಆಸಕ್ತಿಯಿತ್ತು. ಮಗನಿಗೆ ಆ ಗೀಳು ತಂದೆಯಿಂದಲೇ ಬಂದಿತು. 1828ರ ಸುಮಾರಿಗೆ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದನು. ಮೊದಲು ಸಾಹಿತ್ಯ, ಆಮೇಲೆ ವೈದ್ಯಶಾಸ್ತ್ರ. ಅಲ್ಲಿ ಪ್ರಾಧ್ಯಾಪಕ ರಾಬರ್ಟ್ ಜೇಮ್ಸನ್‌ರ ಪ್ರಕೃತಿ ವಿಜ್ಞಾನದ ತರಗತಿಗಳಿಗೆ ಹೋದನು. ವಿದ್ಯಾರ್ಥಿಗಳ ಪ್ಲೀನಿಯನ್ ಸಂಘಕ್ಕೂ ಸೇರಿದನು. ಕೆಲವೇ ವರ್ಷಗಳ ಹಿಂದೆ ಇದೇ ತರಗತಿಯಲ್ಲಿ, ಇದೇ ಸಂಘದಲ್ಲಿ ಚಾರ್ಲ್ಸ್ ಡಾರ್ವಿನ್ ಕುಳಿತಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.

1835ರಲ್ಲಿ ಜರ್ಡನ್ನನಿಗೆ ಈಸ್ಟ್ ಇಂಡಿಯಾ ಕಂಪೆನಿಯಲ್ಲಿ ಸಹಾಯಕ ಶಸ್ತ್ರವೈದ್ಯನ ಹುದ್ದೆ ದೊರೆಯಿತು. 1836ರ ಫೆಬ್ರವರಿಯಲ್ಲಿ ಆತನ ಹಡಗು ಮದರಾಸು ಮುಟ್ಟಿತು. ಆಗ ಆತನಿಗೆ ಇಪ್ಪತ್ತನಾಲ್ಕು ವರ್ಷ. ಮೊದಲು ಗಂಜಾಂ ಪ್ರದೇಶಕ್ಕೆ ಕಳುಹಿಸಿದರು. ಜ್ವರ ಮತ್ತು ಆಮಶಂಕೆಯಿಂದ ನರಳುತ್ತಿದ್ದ ಸೈನಿಕರಿಗೆ ಮದ್ದು ಕೊಡುವುದು ಕೆಲಸ. ಹಗಲೆಲ್ಲ ರೋಗಿಗಳ ಆರೈಕೆ. ಬಿಡುವು ಸಿಕ್ಕಿದಾಗ ಪೂರ್ವಘಟ್ಟಗಳ ಕಾಡಿನಲ್ಲಿ ಹಕ್ಕಿಗಳ ಹುಡುಕಾಟ. ಮುಂದಿನ ವರ್ಷ ಎರಡನೆಯ ಲಘು ಅಶ್ವದಳಕ್ಕೆ ವರ್ಗವಾಯಿತು. ಆ ದಂಡಿನೊಡನೆ ತಿರುಚಿನಾಪಳ್ಳಿಯಿಂದ ದಖನ್ನಿನ ಜಾಲ್ನಾದವರೆಗೆ ಪಯಣ ಮಾಡಿದನು. ಸೈನಿಕರಿಗೆ ಅದು ಬಿಸಿಲು, ಧೂಳಿನ ದಾರಿ. ಜರ್ಡನ್ನನಿಗೆ ಅದೇ ದಾರಿ ತೆರೆದ ಪುಸ್ತಕ. ನಮ್ಮ ಎರೆಹೊಲ, ಕಲ್ಲುಗುಡ್ಡ, ಕುರುಚಲು ಕಾಡಿನಂಥ ನೆಲವನ್ನೆಲ್ಲ ಆತನು ಹತ್ತಿರದಿಂದ ಕಂಡನು.

ಆ ಕಾಲದಲ್ಲಿ ಒಂದು ಹಕ್ಕಿಯನ್ನು ಗುರುತಿಸುವುದು ಇಂದಿನಷ್ಟು ಸುಲಭವಾಗಿರಲಿಲ್ಲ. ದೂರದರ್ಶಕ ಹಿಡಿದು ನೋಡಿ, ಚಿತ್ರದ ಪುಸ್ತಕ ತೆರೆದು ಹೋಲಿಸುವಂತಿರಲಿಲ್ಲ. ಅಂಥ ಪುಸ್ತಕಗಳೇ ಇರಲಿಲ್ಲ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಹುಳ ಹಿಡಿಯದಂತೆ ಪಾಷಾಣ ಬೆರೆಸಿದ ಸಾಬೂನು ಸವರಿ, ಕಾಲಿಗೆ ಚೀಟಿ ಕಟ್ಟುತ್ತಿದ್ದರು. ಚೀಟಿಯಲ್ಲಿ ಊರು, ತಾರೀಖು, ಗಂಡೋ ಹೆಣ್ಣೋ ಎಂಬ ವಿವರ. ಅದನ್ನು ವಿಲಾಯಿತಿಯ ಪಂಡಿತರಿಗೆ ಹಡಗಿನಲ್ಲಿ ಕಳುಹಿಸಿ, ಅವರು ಹೇಳುವ ಹೆಸರಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಜೀವಹಿಂಸೆಯ ಈ ಪದ್ಧತಿ ಇಂದು ನಮ್ಮ ಮನಸ್ಸಿಗೆ ಒಪ್ಪದು. ಆ ದಿನಗಳಲ್ಲಿ ಮಾತ್ರ ಎಲ್ಲ ಪ್ರಕೃತಿ ಶಾಸ್ತ್ರಜ್ಞರ ದಾರಿಯೂ ಅದೇ ಆಗಿತ್ತು.

ಜರ್ಡನ್ನನೂ ಹಾಗೆಯೇ ಮಾಡಿದನು. ತನ್ನ ಮೊದಲ ಸಂಗ್ರಹವನ್ನು ಸ್ಕಾಟ್‌ಲೆಂಡಿನ ಪ್ರಸಿದ್ಧ ಪಕ್ಷಿಶಾಸ್ತ್ರಜ್ಞ ಸರ್ ವಿಲಿಯಂ ಜಾರ್ಡೈನ್‌ಗೆ ಕಳುಹಿಸಿಕೊಟ್ಟನು. ಪೆಟ್ಟಿಗೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಕ್ಕಿಗಳಿಗೆಲ್ಲ ನುಸಿ ಹಿಡಿದಿತ್ತು. ಬಿಸಿಲು ಮಳೆಯೆನ್ನದೆ ಪಟ್ಟ ಶ್ರಮ ಮಣ್ಣುಪಾಲಾಯಿತು. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದನು. ಜರ್ಡನ್ ಬೇರೆ ತೀರ್ಮಾನಕ್ಕೆ ಬಂದನು. ದೂರದ ಪಂಡಿತರ ಮಾತಿಗೆ ಕಾಯುವುದಕ್ಕಿಂತ ಕಣ್ಣೆದುರಿನ ಹಕ್ಕಿಯನ್ನು ತಾನೇ ಪರೀಕ್ಷಿಸಿ ನಿರ್ಣಯಿಸುವುದು ಲೇಸೆಂದುಕೊಂಡನು. 1839ರಿಂದ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯೊಂದರಲ್ಲಿ ಭಾರತ ಪರ್ಯಾಯದ್ವೀಪದ ಹಕ್ಕಿಗಳ ಪಟ್ಟಿಯನ್ನು ಕಂತು ಕಂತಾಗಿ ಪ್ರಕಟಿಸಿದನು. ಅದರಲ್ಲಿ 420 ಜಾತಿಯ ಹಕ್ಕಿಗಳಿದ್ದವು. ಅದಕ್ಕೆ ಏಳೆಂಟು ವರ್ಷ ಮೊದಲು ಕರ್ನಲ್ ಸೈಕ್ಸ್ ಎಂಬ ಅಧಿಕಾರಿ ದಖನ್ನಿನ ಹಕ್ಕಿಗಳ ಪಟ್ಟಿ ಮಾಡಿದ್ದನು. ಜರ್ಡನ್ನನ ಪಟ್ಟಿ ಅದರ ಹೆಚ್ಚು ಕಡಿಮೆ ಇಮ್ಮಡಿಯಷ್ಟಿತ್ತು.

ಇಲ್ಲಿ ಜಾತಿ ಎಂದರೇನು ಎಂಬುದನ್ನು ಚಿಕ್ಕ ತರಗತಿಯ ಮಕ್ಕಳು ತಿಳಿದುಕೊಳ್ಳಬೇಕು. ಗುಬ್ಬಿ ಒಂದು ಜಾತಿ, ಗೊರವಂಕ ಇನ್ನೊಂದು ಜಾತಿ. ತಮ್ಮತಮ್ಮೊಳಗೆ ಕೂಡಿ ಮರಿಮಾಡಿ, ವಂಶ ಬೆಳೆಸುವ ಜೀವಿಗಳ ಗುಂಪನ್ನು ಒಂದು ಜಾತಿ ಅಥವಾ ಪ್ರಭೇದ ಎನ್ನುತ್ತಾರೆ. ಪ್ರತಿಯೊಂದು ಜಾತಿಗೂ ಎರಡು ಪದಗಳ ಲ್ಯಾಟಿನ್ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1758ರಲ್ಲಿ ಬಂದ ಆತನ ಗ್ರಂಥದಲ್ಲಿ ಇಡೀ ಲೋಕದ ಪ್ರಾಣಿಗಳೆಂದು ಇದ್ದವು ಸುಮಾರು 4,400 ಜಾತಿಗಳು ಮಾತ್ರ. ಲೋಕದ ಲೆಕ್ಕ ಅಷ್ಟು ಚಿಕ್ಕದಾಗಿದ್ದ ಕಾಲದಿಂದ ಇನ್ನೂ ನೂರು ವರ್ಷ ತುಂಬುವ ಮುನ್ನ ಜರ್ಡನ್ ನಮ್ಮ ದೇಶದಲ್ಲಿ ಲೇಖನಿ ಹಿಡಿದನು.

1841ರಲ್ಲಿ ನೀಲಗಿರಿಗೆ ಹೋಗಿದ್ದಾಗ ಫ್ಲೋರಾ ಮೆಕ್ಲಿಯಾಡ್ ಎಂಬುವರೊಡನೆ ಆತನ ವಿವಾಹವಾಯಿತು. ಆಕೆಗೆ ಹೂಗಿಡಗಳೆಂದರೆ ಪ್ರೀತಿ. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಕರ್ಣಕುಂಡಲದ ಕುಲದ ಒಂದು ಹೂಗಿಡಕ್ಕೆ ಶ್ರೀಮತಿ ಜರ್ಡನ್‌ರ ಹೆಸರನ್ನೇ ಇಟ್ಟನು. ಗಂಡ ಹಕ್ಕಿಯ ಹಿಂದೆ, ಹೆಂಡತಿ ಹೂವಿನ ಹಿಂದೆ. ಅಂಥ ಸಂಸಾರ ಅದು.

ಆಮೇಲೆ ಜರ್ಡನ್ ನೆಲ್ಲೂರಿನ ಸರ್ಕಾರಿ ವೈದ್ಯನಾಗಿ ಕೆಲವು ವರ್ಷ ಇದ್ದನು. ಆತನ ಬಾಳಿನ ಅತ್ಯಂತ ಫಲವತ್ತಾದ ಕಾಲ ಅದೆನ್ನಬಹುದು. ಆ ಸೀಮೆಯ ಯಾನಾದಿ ಜನರ ಸ್ನೇಹ ಆತನಿಗೆ ಅಲ್ಲಿ ದೊರೆಯಿತು. ಕಾಡಿನ ಹೆಜ್ಜೆಹೆಜ್ಜೆಯನ್ನೂ ಬಲ್ಲ ಜನ ಅವರು. ಯಾವ ಪೊದೆಯಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆ, ಯಾವುದು ಹಗಲು ಅಡಗಿ ರಾತ್ರಿ ಓಡಾಡುತ್ತದೆ ಎಂಬುದೆಲ್ಲ ಅವರಿಗೆ ಕರತಲಾಮಲಕ. ಜರ್ಡನ್ ಅವರಿಂದ ಕಲಿತನು. ಹಕ್ಕಿಗಳಿಗೆ ಲ್ಯಾಟಿನ್ ಹೆಸರು ಹಾಕಿ ಸುಮ್ಮನಾಗದೆ, ಜನರು ಕರೆಯುವ ತೆಲುಗು, ತಮಿಳು, ಹಿಂದೂಸ್ತಾನಿ ಮೊದಲಾದ ಭಾಷೆಗಳ ಹೆಸರುಗಳನ್ನೂ ಕೇಳಿ ಬರೆದುಕೊಂಡನು. ಆತನ ಪುಸ್ತಕಗಳ ಬೆಲೆ ಹೆಚ್ಚಲು ಇದೂ ಒಂದು ಕಾರಣ. ಇದೇ ಕಾಲದಲ್ಲಿ ಐವತ್ತು ವರ್ಣಚಿತ್ರಗಳಿದ್ದ ಭಾರತದ ಹಕ್ಕಿಗಳ ಚಿತ್ರಸಂಪುಟವನ್ನು ಮದರಾಸಿನಿಂದ ಹೊರತಂದನು. ಅದರ ಚಿತ್ರಗಳಲ್ಲಿ ಬಹುಪಾಲನ್ನು ಬರೆದವರು ನಮ್ಮ ನಾಡಿನ ಚಿತ್ರಗಾರರು.

ನೆಲ್ಲೂರು ಮತ್ತು ಕಡಪದ ನಡುವಣ ಬೆಟ್ಟಸಾಲಿನ ಪ್ರದೇಶದಲ್ಲಿ ಜರ್ಡನ್ನನಿಗೆ ಒಂದು ವಿಚಿತ್ರ ಹಕ್ಕಿ ದೊರೆಯಿತು. ಬೆಳವಕ್ಕಿಗಿಂತ ಅಷ್ಟೇನೂ ದೊಡ್ಡದಲ್ಲ. ಕಂದು ಮೈ, ಎದೆಯ ಮೇಲೆ ಎರಡು ಪಟ್ಟಿ, ದೊಡ್ಡ ಕಣ್ಣು, ಓಡಲು ಹೇಳಿಮಾಡಿಸಿದಂಥ ಉದ್ದ ಕಾಲು. ಹಗಲು ಪೊದೆಯಲ್ಲಿ ಅಡಗಿದ್ದು ರಾತ್ರಿ ಹೊರಡುವ ಹಕ್ಕಿ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಎಡ್ವರ್ಡ್ ಬ್ಲೈತ್ 1848ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿದನು. ಲೋಕದಲ್ಲಿ ಅದಕ್ಕೆ ಜರ್ಡನ್ನನ ಹೆಸರೇ ಬಂದಿತು. ತೆಲುಗಿನಲ್ಲಿ ಅದು ಕಲಿವಿ ಕೋಡಿ. ಕಲಿವಿ ಎಂದರೆ ನಮ್ಮ ಕವಳೆ. ಕವಳೆ ಪೊದೆಯ ಕೋಳಿ ಎಂದು ನಾವು ಅರ್ಥ ಮಾಡಿಕೊಳ್ಳಬಹುದು. ಈ ಹಕ್ಕಿಯ ಕಥೆ ಮುಂದೆ ಮತ್ತೆ ಬರುತ್ತದೆ.

1847ರ ಹೊತ್ತಿಗೆ ಜರ್ಡನ್ ಪಶ್ಚಿಮ ಕರಾವಳಿಯ ತಲಚೇರಿಗೆ ಬಂದನು. ಈಗ ಆತನ ಕಣ್ಣು ಹಕ್ಕಿಗಳಿಂದಾಚೆಗೂ ಹರಿಯಿತು. 1849ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಮೇಲೆ ಲೇಖನ ಬರೆದನು. ಕಾವೇರಿಯಲ್ಲಿ ಬೆಳೆಯುವ ಒಂದು ದೊಡ್ಡ ಮೀನಿಗೆ ಕರ್ನಾಟಿಕಸ್ ಎಂಬ ಹೆಸರನ್ನೂ, ಕನ್ನಡ ಕರಾವಳಿಯ ಹೊಳೆಗಳ ಒಂದು ಚಿಕ್ಕ ಮೀನಿಗೆ ಕನರೆನ್ಸಿಸ್ ಎಂಬ ಹೆಸರನ್ನೂ ಇಟ್ಟವನು ಆತನೇ. ಇಂದಿಗೂ ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿ ಆ ಹೆಸರುಗಳು ಉಳಿದಿವೆ. ಮಳೆಗಾಲದಲ್ಲಿ ಹೊಲಗದ್ದೆಗಳ ನೀರಿನಲ್ಲಿ ಕೂಗುವ ದಪ್ಪ ಕಪ್ಪೆಗಳಲ್ಲಿ ಒಂದು ಜಾತಿಯನ್ನು ಮೊದಲು ವರ್ಣಿಸಿದವನೂ ಜರ್ಡನ್ನನೇ.

1851ರಲ್ಲಿ ಆತನು ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಪ್ರಕಟಿಸಿದನು. ಕಾಲಡಿಯ ಇರುವೆಯನ್ನು ಯಾರು ಎಣಿಸುತ್ತಾರೆ? ಜರ್ಡನ್ ಎಣಿಸಿದನು. ನಲವತ್ತಕ್ಕೂ ಹೆಚ್ಚು ಜಾತಿಗಳನ್ನು ಬೇರ್ಪಡಿಸಿ, ಅವುಗಳ ಗೂಡು, ನಡೆ, ಆಹಾರಗಳನ್ನು ಬರೆದನು. ಬೀಜಗಳನ್ನು ಹೊತ್ತು ಗೂಡಿಗೆ ಸಾಗಿಸುವ ಇರುವೆಗಳನ್ನು ಕುಳಿತು ನೋಡಿದನು. ಮಿಡತೆಯಂತೆ ಚಂಗನೆ ನೆಗೆಯುವ ಒಂದು ಇರುವೆಯನ್ನು ಮೊದಲು ವರ್ಣಿಸಿದವನೂ ಆತನೇ. ಅದೇ ಇರುವೆಯ ವಂಶವಾಹಿಗಳ ಪೂರ್ಣ ನಕ್ಷೆಯನ್ನು 2010ರಲ್ಲಿ ವಿಜ್ಞಾನಿಗಳು ಸಿದ್ಧಪಡಿಸಿದರು. ಯಾವ ಚಿಕ್ಕ ಜೀವಿಯ ವಿಷಯ ಯಾವಾಗ ಬೆಲೆಬಾಳುತ್ತದೆಂದು ಹೇಳುವವರು ಯಾರು!

ಇಪ್ಪತ್ತೈದು ವರ್ಷಗಳ ಸೇವೆಯ ಹೊತ್ತಿಗೆ ಜರ್ಡನ್ನನ ಆರೋಗ್ಯ ಕುಗ್ಗಿತು. ವಿಶ್ರಾಂತಿಗೆಂದು ಡಾರ್ಜಿಲಿಂಗಿಗೆ ಹೋದನು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಹಿಮಾಲಯದ ಹಕ್ಕಿಗಳನ್ನು ಅಭ್ಯಾಸ ಮಾಡಿದನು. ಭಾರತದ ಪ್ರಾಣಿಗಳನ್ನು ಕುರಿತು ತಿಳಿಯಬೇಕೆಂದರೆ ಹತ್ತಾರು ಪತ್ರಿಕೆಗಳಲ್ಲಿ ಚೆದುರಿದ ಲೇಖನಗಳನ್ನು ಹುಡುಕಬೇಕಾಗಿತ್ತು. ಗ್ರಂಥಾಲಯವಿಲ್ಲದ ಊರುಗಳಲ್ಲಿ ಇರುವವರಿಗೆ ಅದು ಸಾಧ್ಯವೇ ಇರಲಿಲ್ಲ. ಕೈಯಲ್ಲಿ ಹಿಡಿದು ಊರೂರು ತಿರುಗಬಹುದಾದ ಕೈಪಿಡಿಗಳು ಬೇಕೆಂಬುದು ಜರ್ಡನ್ನನ ಆಸೆ. ವೈಸರಾಯ್ ಲಾರ್ಡ್ ಕ್ಯಾನಿಂಗ್ ಇದನ್ನು ಮೆಚ್ಚಿ, ವೈದ್ಯವೃತ್ತಿಯಿಂದ ಬಿಡಿಸಿ ಈ ಕೆಲಸಕ್ಕೇ ನೇಮಿಸಿದನು. ಅದರ ಫಲವಾಗಿ 1862ರಿಂದ 1864ರವರೆಗೆ ಕಲ್ಕತ್ತೆಯಿಂದ ಭಾರತದ ಹಕ್ಕಿಗಳು ಎಂಬ ಮಹಾಗ್ರಂಥ ಹೊರಬಂದಿತು. ಅದರಲ್ಲಿ ವರ್ಣಿಸಿದ ಹಕ್ಕಿಗಳ ಜಾತಿಗಳು ಸಾವಿರಕ್ಕೂ ಹೆಚ್ಚು. 1867ರಲ್ಲಿ ಸಸ್ತನಿಗಳ ಗ್ರಂಥ ಬಂದಿತು. ಡಾರ್ವಿನ್ ತನ್ನ 1871ರ ಗ್ರಂಥದಲ್ಲಿ ಭಾರತದ ಹಕ್ಕಿಗಳ ವಿಷಯ ಬಂದಾಗಲೆಲ್ಲ ಜರ್ಡನ್ನನನ್ನು ಆಧಾರವಾಗಿ ಹಿಡಿದನು.

1868ರಲ್ಲಿ ನಿವೃತ್ತನಾದ ಮೇಲೂ ಜರ್ಡನ್ ಕೆಲವು ಕಾಲ ಭಾರತದಲ್ಲೇ ಅಲೆದಾಡಿದನು. ಅಸ್ಸಾಮಿನ ಗೌಹಾತಿಯಲ್ಲಿ ಹಿಡಿದ ಜ್ವರ ಆತನನ್ನು ಹಣ್ಣು ಮಾಡಿತು. 1870ರಲ್ಲಿ ಇಂಗ್ಲೆಂಡಿಗೆ ಮರಳಿದನು. 1872ರ ಜೂನ್ 12ರಂದು ಲಂಡನ್ನಿನ ಅಪ್ಪರ್ ನಾರ್‌ವುಡ್‌ನಲ್ಲಿ ತೀರಿಕೊಂಡನು. ಆಗ ಆತನಿಗೆ ಅರವತ್ತು ವರ್ಷ. ಆತನು ಹಾಕಿದ ಅಡಿಗಲ್ಲಿನ ಮೇಲೆ ಮುಂದೆ ಭಾರತದ ಪ್ರಾಣಿಸಂಪತ್ತಿನ ಸಂಪುಟಗಳ ದೊಡ್ಡ ಮಾಲೆಯೇ ಬಂದಿತು. ಅದರ ಮೊದಲ ಸಂಪುಟ 1888ರಲ್ಲಿ ಪ್ರಕಟವಾಯಿತು. 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಹುಟ್ಟಿಕೊಂಡಿತು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಜರ್ಡನ್ನನ ಲೆಕ್ಕ ಪೂರ್ತಿಯಾಯಿತೇ?

ಹಕ್ಕಿಗಳ ಮಟ್ಟಿಗೆ ಬಹುಪಾಲು ಪೂರ್ತಿಯಾಯಿತೆನ್ನಬಹುದು. ಜರ್ಡನ್ ಸಾವಿರದ ಮೇಲೆ ಕೆಲವು ಎಂದನು. ಇಂದು ಭಾರತದಲ್ಲಿ ದಾಖಲಾದ ಹಕ್ಕಿಗಳು 1,300ಕ್ಕೂ ಹೆಚ್ಚು. ಆತನ ಕಾಲದ ಭಾರತದ ಎಲ್ಲೆಗಳೂ ಇಂದಿನ ಎಲ್ಲೆಗಳೂ ಒಂದೇ ಅಲ್ಲ. ಆದರೂ ಒಂದೂವರೆ ಶತಮಾನದಲ್ಲಿ ಸಂಖ್ಯೆ ಇಮ್ಮಡಿಯೂ ಆಗಲಿಲ್ಲ. ಇರುವೆಗಳದು ಬೇರೆಯೇ ಕಥೆ. ದಕ್ಷಿಣ ಭಾರತದಲ್ಲಿ ಜರ್ಡನ್ ಕಂಡದ್ದು ನಲವತ್ತಕ್ಕೂ ಮೇಲ್ಪಟ್ಟು. 2016ರಲ್ಲಿ ಪ್ರಕಟವಾದ ಪಟ್ಟಿಯಂತೆ ಇಡೀ ಭಾರತದಲ್ಲಿ ಉಪಜಾತಿಗಳೂ ಸೇರಿ 828 ಬಗೆಯ ಇರುವೆಗಳಿವೆ. ಹೊಸವು ಇನ್ನೂ ಸಿಗುತ್ತಲೇ ಇವೆ.

ಕಾಣದ್ದನ್ನು ಅಂದಾಜು ಮಾಡುವ ಮೊದಲ ಉಪಾಯ ಇಲ್ಲಿಯೇ ಅಡಗಿದೆ. ಮಕ್ಕಳೇ, ಒಂದು ಚೀಲದ ತುಂಬ ಬಗೆಬಗೆಯ ಕಾಳುಗಳನ್ನು ಬೆರೆಸಿದ್ದಾರೆಂದು ಭಾವಿಸಿರಿ. ಚೀಲವನ್ನು ಬರಿದು ಮಾಡದೆ ಎಷ್ಟು ಬಗೆಯ ಕಾಳಿವೆಯೆಂದು ಹೇಳಬೇಕು. ಮೊದಲ ಹಿಡಿಯಲ್ಲಿ ತೊಗರಿ, ಕಡಲೆ, ಹೆಸರು, ಜೋಳ ಬಂದವು; ಎಲ್ಲವೂ ಹೊಸವು. ಎರಡನೆಯ ಹಿಡಿಯಲ್ಲಿ ಹೊಸದಾಗಿ ಸಜ್ಜೆ, ಅಲಸಂದೆ ಬಂದವು. ಹತ್ತನೆಯ ಹಿಡಿಯಲ್ಲಿ ಹೊಸದು ಒಂದೂ ಇಲ್ಲ. ಆಗ ಚೀಲದ ಬಗೆಗಳೆಲ್ಲ ಹೆಚ್ಚು ಕಡಿಮೆ ಕೈಗೆ ಬಂದವೆಂದು ತಿಳಿಯಬಹುದು. ಪ್ರತಿ ಹಿಡಿಯಲ್ಲೂ ಹೊಸದು ಬರುತ್ತಲೇ ಇದ್ದರೆ ಚೀಲದೊಳಗೆ ಇನ್ನೂ ಬಹಳ ಉಳಿದಿದೆಯೆಂದೇ ಅರ್ಥ. ಹಕ್ಕಿಗಳ ಚೀಲದಲ್ಲಿ ಹೊಸ ಕಾಳು ಅಪರೂಪವಾಗಿದೆ. ಇರುವೆ, ದುಂಬಿ, ಜೇಡ, ಶಿಲೀಂಧ್ರಗಳ ಚೀಲದಲ್ಲಿ ಹಿಡಿ ಹಿಡಿಗೂ ಹೊಸದೇ ಬರುತ್ತಿದೆ.

ಎರಡನೆಯ ಉಪಾಯವನ್ನು ಅಮೆರಿಕದ ಟೆರಿ ಅರ್ವಿನ್ ಎಂಬ ಕೀಟಶಾಸ್ತ್ರಜ್ಞ ಹೂಡಿದನು. ಪನಾಮಾ ದೇಶದ ಕಾಡಿನಲ್ಲಿ ಒಂದೇ ಜಾತಿಯ 19 ಮರಗಳಿಗೆ ಕೀಟನಾಶಕದ ಹೊಗೆ ಹಾಕಿ, ಕೆಳಗೆ ಬಿದ್ದ ಹುಳುಗಳನ್ನು ಎಣಿಸಿದನು. ದುಂಬಿಗಳೇ ಸುಮಾರು 1,200 ಜಾತಿ! ಅವುಗಳಲ್ಲಿ ಆ ಮರವನ್ನೇ ನಂಬಿದವು ಎಷ್ಟು, ಉಷ್ಣವಲಯದಲ್ಲಿ ಅಂಥ ಮರಗಳ ಜಾತಿ ಎಷ್ಟು ಎಂದು ಗುಣಿಸುತ್ತಾ ಹೋದನು. ಉಷ್ಣವಲಯದ ಕೀಟ ಮತ್ತು ಅವುಗಳ ಬಂಧುಗಳೇ ಮೂರು ಕೋಟಿ ಜಾತಿಗಳಿರಬಹುದೆಂದು 1982ರಲ್ಲಿ ಬರೆದನು. ಲೋಕ ಬೆರಗಾಯಿತು. ಆದರೆ ಒಂದು ಮರದ ಲೆಕ್ಕವನ್ನು ಎಲ್ಲ ಮರಗಳಿಗೂ ಅನ್ವಯಿಸಿದ್ದು ಹೆಚ್ಚಾಯಿತೆಂದು ಮುಂದಿನವರು ಆಕ್ಷೇಪಿಸಿದರು. ಸಂಖ್ಯೆ ಇಳಿಯಿತು.

ಮೂರನೆಯ ಉಪಾಯ 2011ರಲ್ಲಿ ಬಂದಿತು. ಜೀವಿಗಳನ್ನು ವರ್ಗ, ಗಣ, ಕುಟುಂಬ, ಕುಲ, ಜಾತಿ ಎಂದು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುತ್ತಾರಷ್ಟೆ. ಮೇಲಿನ ಮೆಟ್ಟಿಲುಗಳ ಲೆಕ್ಕ ಬಹುಪಾಲು ತಿಳಿದಿದೆ. ಒಂದು ಮೆಟ್ಟಿಲಿನಿಂದ ಕೆಳಗಿನದಕ್ಕೆ ಸಂಖ್ಯೆ ಯಾವ ಕ್ರಮದಲ್ಲಿ ಏರುತ್ತದೆಂದು ನೋಡಿ, ಕೊನೆಯ ಮೆಟ್ಟಿಲಾದ ಜಾತಿಯ ಸಂಖ್ಯೆಯನ್ನು ಕಮಿಲೋ ಮೋರಾ ಮತ್ತು ಸಂಗಡಿಗರು ಅಂದಾಜು ಮಾಡಿದರು. ಬಂದ ಉತ್ತರ ಸುಮಾರು 87 ಲಕ್ಷ. ಹದಿಮೂರು ಲಕ್ಷ ಹೆಚ್ಚು ಇಲ್ಲವೆ ಕಡಿಮೆ ಇರಬಹುದು. ಅದರಲ್ಲಿ ಸಮುದ್ರದವು 22 ಲಕ್ಷ. ಬ್ಯಾಕ್ಟೀರಿಯಾಗಳಂಥ ಸೂಕ್ಷ್ಮಜೀವಿಗಳು ಈ ಅಂದಾಜಿನ ಹೊರಗಿವೆ. ಅವನ್ನೂ ಸೇರಿಸಿದರೆ ಸಂಖ್ಯೆ ಲಕ್ಷ ಕೋಟಿಗೂ ಏರಬಹುದೆಂದು 2016ರಲ್ಲಿ ಇನ್ನಿಬ್ಬರು ವಿಜ್ಞಾನಿಗಳು ಬರೆದರು.

ಎಂಬತ್ತೇಳು ಲಕ್ಷ ಎಂದೊಡನೆ ಎಂಬತ್ತನಾಲ್ಕು ಲಕ್ಷ ನೆನಪಾಗುವುದು ಸಹಜ. ನಮ್ಮವರು ಮೊದಲೇ ಹೇಳಿದ್ದರೆಂದು ಹಿಗ್ಗುವವರೂ ಉಂಟು. ಆದರೆ ಎರಡು ಸಂಖ್ಯೆಗಳು ಹತ್ತಿರ ಬಂದವೆಂಬ ಮಾತ್ರಕ್ಕೆ ಎರಡೂ ಒಂದೇ ದಾರಿಯಲ್ಲಿ ಬಂದವಲ್ಲ. ಮೊದಲನೆಯದು ಭಕ್ತಿಯ ಮಾತು. ಎರಡನೆಯದು ತಿದ್ದಿಕೊಳ್ಳಲು ಸಿದ್ಧವಾಗಿರುವ ಲೆಕ್ಕ. ನಾಳೆ ಹೊಸ ಆಧಾರ ಸಿಕ್ಕರೆ ಎಂಬತ್ತೇಳು ಎಂಬುದು ಐವತ್ತಾಗಬಹುದು, ಇನ್ನೂರಾಗಬಹುದು. ಹೀಗೆ ತಿದ್ದಿಕೊಳ್ಳುವುದೇ ವಿಜ್ಞಾನದ ಬಲ. ಒಂದು ವಿಷಯದಲ್ಲಿ ಮಾತ್ರ ಎರಡೂ ಒಂದೇ ಪಾಠ ಹೇಳುತ್ತವೆ: ಈ ಲೋಕ ಮನುಷ್ಯನೊಬ್ಬನದಲ್ಲ.

ಇಲ್ಲಿಯವರೆಗೆ ಮನುಷ್ಯರು ಹೆಸರಿಟ್ಟಿರುವ ಜೀವಿಗಳು ಎರಡು ಕೋಟಿಯಲ್ಲ, ಸುಮಾರು ಇಪ್ಪತ್ತು ಲಕ್ಷ ಮಾತ್ರ. ನಮ್ಮ ಪ್ರಾಣಿ ಸರ್ವೇಕ್ಷಣ ಸಂಸ್ಥೆ 2024ರಲ್ಲಿ ಹೊರತಂದ ಪಟ್ಟಿಯಲ್ಲಿ ಭಾರತದ ಪ್ರಾಣಿಗಳು ಒಂದು ಲಕ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಜಾತಿ. ಮೇಲಿನ ಅಂದಾಜು ನಿಜವಾದರೆ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಜೀವಿಗಳಿಗೆ ಇನ್ನೂ ಹೆಸರೇ ಇಲ್ಲ. ಹೆಸರಿಲ್ಲದ್ದು ಅಳಿದರೆ ಅಳಿದದ್ದೇ ಗೊತ್ತಾಗುವುದಿಲ್ಲ. ಇದೇ ಈ ಲೆಕ್ಕದ ಹಿಂದಿರುವ ಆತಂಕ.

ಹೆಸರಿದ್ದದ್ದೂ ಕಳೆದುಹೋಗಬಹುದೆಂಬುದಕ್ಕೆ ಜರ್ಡನ್ನನ ಕಲಿವಿ ಕೋಡಿಯೇ ಸಾಕ್ಷಿ. 1900ರಲ್ಲಿ ಅನಂತಪುರದ ಬಳಿ ಅದನ್ನು ಕಂಡದ್ದೇ ಕೊನೆ. ಆಮೇಲೆ ಎಂಬತ್ತೈದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಅಳಿದೇ ಹೋಯಿತೆಂದು ಬಹುಜನ ನಂಬಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಕಡಪ ಜಿಲ್ಲೆಯ ಹಳ್ಳಿಗಳಲ್ಲಿ ಜನರನ್ನು ವಿಚಾರಿಸುತ್ತಾ ಹುಡುಕಿದರು. 1986ರ ಜನವರಿಯಲ್ಲಿ ಲಂಕಮಲ ಬೆಟ್ಟದ ತಪ್ಪಲಿನ ರೆಡ್ಡಿಪಲ್ಲಿಯ ಬಳಿ ಐತನ್ನ ಎಂಬ ಬೇಟೆಗಾರನು ರಾತ್ರಿ ದೀಪದ ಬೆಳಕಿನಲ್ಲಿ ಆ ಹಕ್ಕಿಯನ್ನು ಹಿಡಿದನು. ಜಗತ್ತಿನ ಪಂಡಿತರು ಕಳೆದುಕೊಂಡದ್ದನ್ನು ಹಳ್ಳಿಯ ಒಬ್ಬ ಮನುಷ್ಯ ಹುಡುಕಿಕೊಟ್ಟನು. ಮುಂದೆ ಅಲ್ಲಿ ಲಂಕಮಲ್ಲೇಶ್ವರ ಅಭಯಾರಣ್ಯವಾಯಿತು. ತೆಲುಗು ಗಂಗಾ ಕಾಲುವೆಯ ದಾರಿಯನ್ನೂ ಈ ಹಕ್ಕಿಗಾಗಿ ಬದಲಿಸಿದರು. ಆದರೂ ಆಮೇಲಿನ ವರ್ಷಗಳಲ್ಲಿ ಅದು ಕಂಡದ್ದೂ ಅದರ ಕೂಗು ಕೇಳಿಸಿದ್ದೂ ತೀರ ಅಪರೂಪ.

ನಮಗೆ ಇನ್ನೂ ಹತ್ತಿರದ ನಿದರ್ಶನವೂ ಉಂಟು. ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕ ಒಂದು ಹೊಳೆಯುವ ನೀಲಿ ಜೇಡವನ್ನು 1899ರಲ್ಲಿ ಹೊಸ ಜಾತಿಯೆಂದು ವರ್ಣಿಸಿದರು. ಮತ್ತೆ ಅದು ಸಿಕ್ಕಿದ್ದು 2001ರಲ್ಲಿ, ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಣ ಕಾಡಿನಲ್ಲಿ. ನಮ್ಮ ಎರೆಭೂಮಿಯ ರಾಜನಂತಿದ್ದ ಎರೆಭೂತ, ತೆಲುಗಿನ ಬಟ್ಟಮೇಕ, ಇಂದು ಇಡೀ ಲೋಕದಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿದೆ. ಅದರ ರಕ್ಷಣೆಗೆಂದೇ ರೋಳ್ಳಪಾಡಿನಲ್ಲಿ 1988ರಲ್ಲಿ ಅಭಯಾರಣ್ಯ ಮಾಡಿದರು; ಈಗ ಅಲ್ಲಿಯೂ ಅದರ ದರ್ಶನ ದುರ್ಲಭ. ಬಯಲು ಹುಲ್ಲುಗಾವಲನ್ನು ಬೀಳುಭೂಮಿಯೆಂದು ಎಣಿಸಿ ಉತ್ತದ್ದೇ ಅದರ ಪಾಲಿಗೆ ಮುಳುವಾದ ಕಾರಣಗಳಲ್ಲೊಂದು.

ಜರ್ಡನ್ ಪರದೇಶದವನು, ಕಂಪೆನಿ ಸರ್ಕಾರದ ನೌಕರ. ಆತನಿಗೆ ದಾರಿ ತೋರಿದ ಯಾನಾದಿಗಳಲ್ಲಿ, ಬೇಟೆಗಾರರಲ್ಲಿ ಎಷ್ಟು ಜನರ ಹೆಸರನ್ನು ಇಂದು ನಾವು ಹೇಳಬಲ್ಲೆವು? ಹಕ್ಕಿಗೆ ಆತನ ಹೆಸರು ಬಂದಿತು. ಹಕ್ಕಿಯನ್ನು ತೋರಿದವರ ಹೆಸರು ಬರಲಿಲ್ಲ. ಈ ಕೊರತೆಯನ್ನು ಮರೆಯಬಾರದು. ಅಂತೆಯೇ ಆತನ ಗುಣವನ್ನೂ ಮರೆಯಬಾರದು. ಬಲ್ಲವರನ್ನು ಕೇಳಿ ಕಲಿತನು. ಕಂಡದ್ದನ್ನು ಅಂದೇ ಬರೆದನು. ನುಸಿ ತಿಂದ ಪೆಟ್ಟಿಗೆಯ ಮುಂದೆ ಕುಳಿತು ಅಳಲಿಲ್ಲ.

ಗಡಿನಾಡಿನ ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ. ಒಂದೇ ಹಕ್ಕಿಗೆ ಎರಡು ಭಾಷೆಯ ಹೆಸರು ಅವರಿಗೆ ಗೊತ್ತು. ಶಾಲೆಯಲ್ಲಿ ನೀಲಕಂಠ, ಪೇಟೆಯಲ್ಲಿ ಪಾಲಪಿಟ್ಟ. ಮನೆಯಲ್ಲಿ ಗೊರವಂಕ, ನೆರೆಮನೆಯಲ್ಲಿ ಗೋರಿಂಕ. ಇಂಥ ಹೆಸರುಗಳನ್ನು ಅಜ್ಜ ಅಜ್ಜಿಯರಿಂದ, ಕುರಿಗಾಹಿಗಳಿಂದ, ಮೀನುಗಾರರಿಂದ ಕೇಳಿ ಬರೆದಿಡಲು ಒಂದು ನೋಟುಪುಸ್ತಕ ಸಾಕು. ದಿನಾಂಕ, ಊರು, ಎಲ್ಲಿ ಕಂಡಿತು, ಏನು ಮಾಡುತ್ತಿತ್ತು ಎಂದು ನಾಲ್ಕು ಸಾಲು. ಇದಕ್ಕಾಗಿ ಬಂದೂಕು ಬೇಡ, ಬಲೆ ಬೇಡ. ಆದವಾನಿ ಕೋಟೆಯ ಗುಡ್ಡದಲ್ಲಿ, ತುಂಗಭದ್ರಾ ಕಾಲುವೆಯ ದಂಡೆಯಲ್ಲಿ, ಶಾಲೆಯ ಬೇವಿನ ಮರದಲ್ಲಿ ಒಂದು ವರ್ಷದಲ್ಲಿ ಕಂಡ ಹಕ್ಕಿಗಳೆಷ್ಟು ಎಂದು ಮುಂದಿನ ಸಂಚಿಕೆಗೆ ಯಾರಾದರೂ ಪಟ್ಟಿ ಕೊಡಲಿ. ತಂದೆತಾಯಿಗಳು ಮಕ್ಕಳ ಈ ಕುತೂಹಲವನ್ನು ಕಾಲಹರಣವೆಂದು ಗದರಿಸದೆ, ತಮಗೆ ಗೊತ್ತಿರುವ ಹೆಸರುಗಳನ್ನು ಹೇಳಿಕೊಡಲಿ. ಪಟ್ಟಿಯಲ್ಲಿ ಇಪ್ಪತ್ತು ಹಕ್ಕಿಗಳಿದ್ದರೂ ಸರಿಯೇ. ಕಂಡದ್ದನ್ನು ಮಾತ್ರ ಬರೆದಿರಬೇಕು.